ಕೈ ನಿಂತರೆ ಆರುವ ದೀಪ

ಹಾಡು ನಡುವೆಯೇ ನಿಂತಿತು. ಅದರೊಡನೆ ಹಾಯಿಕಂಬಕ್ಕೆ ಕಟ್ಟಿದ್ದ ಬಲ್ಬೂ ಆರಿತು. ಮುಸ್ಸಂಜೆಯ ಕತ್ತಲು, ಕೃಷ್ಣಾ ಹೊಳೆಯ ನಟ್ಟನಡುವೆ, ಜಮಖಂಡಿ ದಂಡೆಗೆ ಹೊರಟಿದ್ದ ನಮ್ಮ ದಿಬ್ಬಣದ ದೋಣಿ. ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯಕ್ಕೆ ಸೇರಿದ್ದ ಕಾಲ. ನಾನೇ ಮದುಮಗಳು. ಸೊಸೆ ಬರುವುದು ಎರಡೂ ದಂಡೆಗೆ ಕೇಳಬೇಕೆಂದು ಮೈದುನ ದಾರಿಯುದ್ದಕ್ಕೂ ಲೌಡ್‌ಸ್ಪೀಕರ್ ಹಚ್ಚಿದ್ದ. ಬಲ್ಬಿಗೂ ಅದರದೇ ಬ್ಯಾಟರಿ; ಅದೀಗ ಬರಿದಾಗಿತ್ತು. ಆ ಬಲ್ಬನ್ನು ನಂಬಿ ಅಂಬಿಗ ಕಂದೀಲನ್ನು ದಂಡೆಯಲ್ಲೇ ಬಿಟ್ಟು ಬಂದಿದ್ದ.

ಅಷ್ಟರಲ್ಲಿ ಹುಟ್ಟಿನ ಸಪ್ಪಳ ಕೇಳಿಸಿತು. ಸೆಳವಿನ ಜೊತೆ ದೊಡ್ಡ ದೋಣಿಯೊಂದು ನೇರ ನಮ್ಮ ಮೇಲೆಯೇ ಬರುತ್ತಿತ್ತು. ಎಲ್ಲರೂ ಕೂಗಿದೆವು. ಗಾಳಿ ಆ ಕೂಗನ್ನು ಹಿಂದಕ್ಕೆ ಒಯ್ದಿತು. ನನ್ನ ಅಪ್ಪ ಅಳಿಯನಿಗೆ ಕೊಟ್ಟ ಹೊಸ ಸೈಕಲ್ಲನ್ನು ನನ್ನ ಗಂಡ ಅದರ ದೀಪ ಆ ದೋಣಿಯತ್ತ ಇರುವಂತೆ ತಲೆಕೆಳಗಾಗಿ ನಿಲ್ಲಿಸಿ, ಡೈನಮೊವನ್ನು ಗಾಲಿಗೆ ಒತ್ತಿ, ತಾನೂ ಹುಟ್ಟು ಹಾಕಲು ಓಡಿದ. ಅತ್ತೆ ಸೈಕಲ್ ಗಟ್ಟಿಯಾಗಿ ಹಿಡಿದು ನನಗೆ ಕೂಗಿ ಹೇಳಿದರು:

“ಪೆಡಲ್ ತಿರುವು ನನ್ನವ್ವಾ! ಕೈ ನಿಂತ್ರ ದೀಪಾ ಆರತೈತಿ!”

ತಿರುವಿದೆ. ದೀಪ ಹೊತ್ತಿತು. ನನ್ನ ಹಸಿರು ಬಳೆಗಳು ಪೆಡಲಿಗೆ ಬಡಿದು ಒಡೆಯತೊಡಗಿದವು. ಗಂಡನ ಆಯುಷ್ಯಕ್ಕೆ ಕೇಡೆಂದು ಹೆದರಿ ಕೈ ತಡೆದೆ. ದೀಪ ಮಂಕಾಯಿತು.

“ಬಳಿ ನಾಳೆ ಇಡಸ್ತೇನಿ, ಇವತ್ತ ಮಂದಿ ಉಳೀಲಿ!” ಎಂದು ಅತ್ತೆ ಚೀರಿದರು.

ರಕ್ತ ಸುರಿಯುವ ಕೈಯಿಂದಲೇ ಮತ್ತೆ ತಿರುವಿದೆ. ಬೆಳಕು ಕಂಡು ಹೊರಳಿದ ಆ ದೋಣಿ ನಮ್ಮ ಅಂಚನ್ನು ತರಚಿಕೊಂಡು ಪಕ್ಕದಲ್ಲೇ ಹಾದುಹೋಯಿತು.

ಇಂದಿಗೂ ಮನೆಯಲ್ಲಿ ಕರೆಂಟ್ ಹೋದರೆ ನಾನು ಕಡ್ಡಿಪೆಟ್ಟಿಗೆ ಹುಡುಕುವುದಿಲ್ಲ. ಮೊದಲು ಉಸಿರು ಹಿಡಿದು, ಹುಟ್ಟಿನ ಸಪ್ಪಳ ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ.