ಕುರ್ಚಿ ಅಕ್ಕನ ವಿಮಾನ

"ಅಳಬೇಡ. ಇನ್ನು ಯಾವ ಆಸ್ಪತ್ರೆಗೆ ಹೋದ್ರೂ ನಿನ್ನ ಜೊತೆ ನಾನೇ ಬರ್ತೀನಿ." ಮರದಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ತಂಗಿಗೆ ಅಕ್ಕ ಹೀಗೆ ಮಾತು ಕೊಟ್ಟಾಗ ಇಬ್ಬರೂ ಶಾಲೆಗೆ ಹೋಗುವ ಹುಡುಗಿಯರು. ಆಮೇಲೆ ತಂಗಿಯ ಎರಡು ಹೆರಿಗೆಗೂ, ಅಪೆಂಡಿಕ್ಸ್ ಆಪರೇಷನ್ನಿಗೂ ಅಕ್ಕನೇ ಜೊತೆ. ಈಗ ತಂಗಿಯ ಬೆನ್ನುಮೂಳೆಗೆ ಒತ್ತಿಕೊಂಡು ಗಡ್ಡೆ ಬೆಳೆದಿದೆ. ಅದನ್ನು ತೆಗೆಯುವ ಡಾಕ್ಟರು ಇರುವುದು ಹೊರದೇಶದಲ್ಲಿ. ಆ ಆಸ್ಪತ್ರೆಯವರು ರೋಗಿಯ ಜೊತೆ ಬಿಡುವುದು ಒಬ್ಬರನ್ನೇ. ಗುರುವಾರ ವಿಮಾನ.

ಆ ಅಕ್ಕನನ್ನು ಇಡೀ ಬೀದಿ ಕರೆಯುವುದು ಕುರ್ಚಿ ಅಕ್ಕ ಎಂದು.

ಬೆಳಕು ಹರಿಯುವ ಹೊತ್ತಿಗೆ ಅವರು ಟಿಕೆಟ್ ಏಜೆನ್ಸಿಯ ಹಿಂದಿನ ಗೋಡೌನಿನ ಬೀಗ ತೆಗೆಯುತ್ತಾರೆ. ಒಳಗೆ ಗುಜರಿಯಿಂದ ತಂದ ಬಸ್ಸಿನ ಸೀಟುಗಳು, ಎರಡು ಸಾಲು. ಮಂಡಿ ಮುಂದಿನ ಸೀಟಿಗೆ ತಾಗುವಷ್ಟೇ ಜಾಗ. ಮೂಲೆಯಲ್ಲೊಂದು ಪ್ಲೈವುಡ್ಡಿನ ಗೂಡು, ಅದರೊಳಗೆ ಕಮೋಡು. ತಿರುಗಿದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಚಿಕಿತ್ಸೆಗೆ ವಿಮಾನದಲ್ಲಿ ದೂರ ಹೊರಟವರು ಮೊದಲು ಇಲ್ಲಿಗೆ ಬಂದು ಅರ್ಧ ದಿನ ಕೂತು ನೋಡುತ್ತಾರೆ.

ಇವತ್ತು ಬಂದಿರುವವರು ಒಬ್ಬ ನಿವೃತ್ತ ಬಸ್ ಡ್ರೈವರು. ಹೃದಯದ ಕವಾಟ ಬದಲಿಸಬೇಕು. ಜೊತೆಗೆ ಮಗ, ಸೊಸೆ.

"ಸೀಟಲ್ಲೇ ತಲೆ ಹಣ್ಣಾಗಿದೆ ನಂದು. ನನಗೇ ಕೂರೋದು ಹೇಳ್ಕೊಡ್ತೀಯೇನಮ್ಮ?"

"ನೀವು ಕೂತಿದ್ದು ಡ್ರೈವರ್ ಸೀಟಲ್ಲಿ ಯಜಮಾನ್ರೇ. ಬೇಕಾದ ಕಡೆ ನಿಲ್ಲಿಸಿ ಇಳೀತಿದ್ರಿ. ವಿಮಾನ ನಿಮ್ಮ ಮಾತು ಕೇಳಲ್ಲ. ಕಾಲು ಒಳಗೆ ಎಳ್ಕೊಳಿ."

ಯಜಮಾನರು ಕಾಲು ಎಳೆದುಕೊಳ್ಳುತ್ತಾರೆ. ಅಕ್ಕ ಅವರ ಪಾದದ ಊತ ಒತ್ತಿ ನೋಡುತ್ತಾರೆ, ಬೆನ್ನಿಗೆ ಮಡಿಸಿದ ಟವೆಲ್ ಕೊಡುತ್ತಾರೆ, ಆಗಾಗ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಇಷ್ಟನ್ನು ಯಾರಾದರೂ ಮಾಡಬಹುದು. ಅಕ್ಕನ ನಿಜವಾದ ಪರೀಕ್ಷೆ ಇರುವುದು ಜೊತೆಗೆ ಹೋಗುವವರಿಗೆ. ರೋಗಿ ಮೈಯನ್ನೆಲ್ಲ ಸಡಿಲ ಬಿಟ್ಟು, ಮಂಪರಿನಲ್ಲಿರುವವರ ಹಾಗೆ ಕೂರಬೇಕು. ಜೊತೆಗಾರರು ಆ ಇಕ್ಕಟ್ಟಿನಿಂದ ಅವರನ್ನು ಒಬ್ಬರೇ ಎಬ್ಬಿಸಿ, ಗೂಡಿನೊಳಗೆ ಕೂರಿಸಿ, ವಾಪಸ್ ತರಬೇಕು.

ಮಗನಿಗೆ ಅವರು ಹೋಗುವ ದೇಶದ ಭಾಷೆ ಬರುತ್ತದೆ, ಅದಕ್ಕೇ ಅವನು ಹೊರಟಿದ್ದಾನೆ. ಅಪ್ಪನನ್ನು ಅರ್ಧ ಎತ್ತಿ, ಅಪ್ಪನ ಮೇಲೇ ಕೂರುತ್ತಾನೆ.

"ಎತ್ತು ಅಂದ್ರೆ ಮಡಿಲಿಗೆ ಬರ್ತೀಯಲ್ಲೋ," ಎನ್ನುತ್ತಾರೆ ಯಜಮಾನರು. ಬಾಗಿಲ ಬಳಿ ನಿಂತಿದ್ದ ಸೊಸೆ ಬ್ಯಾಗು ಕೆಳಗಿಟ್ಟು ಬಂದು, ಮಾವನ ಕಂಕುಳಿಗೆ ಕೈ ಕೊಟ್ಟು, ಒಂದೇ ಸಲಕ್ಕೆ ಎಬ್ಬಿಸುತ್ತಾಳೆ. ಮನೆಯಲ್ಲಿ ದಿನಾ ಮಾಡುವವಳು ಅವಳೇ ಎಂಬುದು ಯಾರಿಗೂ ನೆನಪಿರಲಿಲ್ಲ.

"ಎಲ್ಲರೂ ಇದೇ ತಪ್ಪು ಮಾಡ್ತಾರೆ," ಎನ್ನುತ್ತಾರೆ ಅಕ್ಕ. "ಮಾತು ಬರೋರನ್ನ ಆರಿಸ್ತಾರೆ, ಇಲ್ಲಾ ಜಾಸ್ತಿ ಅಳೋರನ್ನ ಆರಿಸ್ತಾರೆ. ಮಾತಾಡೋಕೆ ಅಲ್ಲಿ ಯಾರಾದ್ರೂ ಸಿಗ್ತಾರೆ. ಆಕಾಶದಲ್ಲಿ ಬಚ್ಚಲಿಗೆ ಕರ್ಕೊಂಡ್ ಹೋಗೋಕೆ ಯಾರು ಸಿಗ್ತಾರೆ?"

ಅಕ್ಕ ಮೊದಲು ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವರು. ಏಜೆನ್ಸಿಯ ಮಾಲೀಕರ ತಂದೆ ಅಲ್ಲೇ ದಾಖಲಾಗಿದ್ದರು. ಚಿಕಿತ್ಸೆಗೆಂದು ವಿಮಾನ ಹತ್ತಿದವರು ಸೀಟಿನಲ್ಲಿ ಕೂರಲಾಗದೆ, ಬಾಗಿಲು ಹಾಕುವ ಮೊದಲೇ ಇಳಿದುಬಂದರು. ಮತ್ತೆ ಹೊರಡುವಷ್ಟು ಶಕ್ತಿ ಅವರಿಗೆ ಬರಲಿಲ್ಲ. ಒಂದು ದಿನ ಮೊದಲೇ ಕೂರಿಸಿ ನೋಡಬಹುದಿತ್ತಲ್ಲ ಎಂದು ಅಕ್ಕ ಅಂದದ್ದೇ ಈ ಕೆಲಸದ ಬುನಾದಿ. ಗೋಡೌನು ಮಾಲೀಕರದು, ಸಂಬಳವೂ ಅವರದೇ. ಮನೆಯವರಲ್ಲಿ ಇಬ್ಬರಿಗೆ ವೀಸಾ ಮಾಡಿಸಿಟ್ಟು, ಜೊತೆಗಾರರ ಟಿಕೆಟ್ ಬರೆಯುವುದು ಇಲ್ಲಿನ ಪರೀಕ್ಷೆ ಮುಗಿದ ಮೇಲೆ. ದಿನಕ್ಕೆ ಎರಡು ಕುಟುಂಬ. ಮೂರನೆಯದನ್ನು ಅಕ್ಕ ಒಪ್ಪುವುದಿಲ್ಲ.

ಅಕ್ಕ ಸ್ವತಃ ವಿಮಾನ ಹತ್ತಿದವರಲ್ಲ. ಹೋಗಿಬಂದವರನ್ನು ಕೇಳಿ ಕೇಳಿಯೇ ಸೀಟುಗಳನ್ನು ಹಿಂದೆ ಮುಂದೆ ಸರಿಸಿದ್ದಾರೆ. "ಊರೆಲ್ಲ ನೋಡ್ಕೊಂಡು ಬಂದಿರ್ತಾರೆ. ನಾನು ಕೇಳೋದು ಎಲ್ಲಿ ನೋವಾಯ್ತು ಅಂತ ಮಾತ್ರ," ಎಂದು ನಗುತ್ತಾರೆ. ವರ್ಷಗಟ್ಟಲೆ ಜನರನ್ನು ಎತ್ತಿದ್ದರ ಫಲ, ಬಲಭುಜ ಸವೆದಿದೆ. ತಲೆ ಬಾಚುವುದೂ ಎಡಗೈಯಲ್ಲೇ.

ಮಧ್ಯಾಹ್ನ ತಂಗಿ ಬರುತ್ತಾರೆ, ಗಾಲಿಕುರ್ಚಿಯಲ್ಲಿ. ತಳ್ಳಿಕೊಂಡು ಬಂದವಳು ಅವರ ಮಗಳು.

"ನನಗ್ಯಾಕೆ ಪರೀಕ್ಷೆ? ನಮ್ಮ ಅಕ್ಕನೇ ಬರ್ತಾಳೆ."

"ಅಕ್ಕನಿಗೂ ಪರೀಕ್ಷೆ ಇದೆ ಕಣೇ. ಮೈ ಸಡಿಲ ಬಿಡು."

ಅಕ್ಕ ಬಗ್ಗಿ ಕಂಕುಳಿಗೆ ಕೈ ಕೊಡುತ್ತಾರೆ. ತಂಗಿ ಮೇಲೆ ಬರುತ್ತಾರೆ. ಮಗಳು ಚಪ್ಪಾಳೆ ತಟ್ಟಲು ಕೈ ಎತ್ತಿದವಳು ದೊಡ್ಡಮ್ಮನ ಮುಖ ನೋಡಿ ಕೈ ಇಳಿಸುತ್ತಾಳೆ.

"ನಾನು ಎತ್ತಲಿಲ್ಲ. ನೀನು ಮುಂದಿನ ಸೀಟು ಹಿಡ್ಕೊಂಡು ಎದ್ದೆ," ಎನ್ನುತ್ತಾರೆ ಅಕ್ಕ.

"ಸ್ವಲ್ಪ ಹಿಡ್ಕೊಂಡೆ ಅಷ್ಟೇ."

"ಆಪರೇಷನ್ ಮುಗಿಸಿ ಬರೋವಾಗ ಏನ್ ಹಿಡ್ಕೊತೀಯ? ಕೈ ಮಡಿಲಲ್ಲಿಟ್ಕೋ."

ಎರಡನೆಯ ಸಲ ತಂಗಿ ಸೀಟಿನಿಂದ ಗೇಣುದ್ದ ಮೇಲೇಳುತ್ತಾರೆ. ಅಕ್ಕನ ಭುಜ ಅಲ್ಲಿಗೆ ಸೋಲುತ್ತದೆ. ಮಗಳು ಪಕ್ಕದಿಂದ ನುಗ್ಗಿ ಇಬ್ಬರನ್ನೂ ತಡೆಯುತ್ತಾಳೆ. ಆಮೇಲೆ ಅವಳೊಬ್ಬಳೇ ಎತ್ತುತ್ತಾಳೆ, ಗೂಡಿಗೆ ಒಯ್ಯುತ್ತಾಳೆ, ತಂದು ಕೂರಿಸುತ್ತಾಳೆ. ಮೊದಲ ಸಲ ತಾಯಿಯ ತಲೆ ಪ್ಲೈವುಡ್ಡಿಗೆ ತಾಗುತ್ತದೆ, ಎರಡನೆಯ ಸಲ ತಾಗುವುದಿಲ್ಲ.

"ಇವಳು ಹೋಗ್ಲಿ," ಎನ್ನುತ್ತಾರೆ ಅಕ್ಕ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ತಂಗಿ ಮುಖ ತಿರುಗಿಸುತ್ತಾರೆ. "ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ನೀನು ಬೇರೆ ಮನೆಯವಳಾಗಿದ್ರೆ, ಭುಜ ಸೋತ ನನ್ನಂಥೋಳನ್ನ ಜೊತೆಗೆ ಕಳಿಸೋಕೆ ನಾನು ಒಪ್ತಿದ್ನಾ ಹೇಳು."

ಅಕ್ಕ ಬೆಳಿಗ್ಗೆ ಯಜಮಾನರ ಸೊಸೆಗೆ ಹೇಳಿಕೊಟ್ಟಿದ್ದನ್ನೇ ಮಗಳಿಗೂ ಹೇಳಿಕೊಡುತ್ತಾರೆ: ಬೆರಳುಗಳನ್ನು ಹೆಣೆಯಬಾರದು, ನಿನ್ನ ಮಂಡಿ ಅವಳ ಮಂಡಿಗೆ ಒತ್ತಿರಬೇಕು, ಎತ್ತುವ ಮೊದಲು ಮಂಪರು ಬಿಡುವಂತೆ ಹೆಸರು ಹಿಡಿದು ಕರೆಯಬೇಕು. "ಅಮ್ಮನ ಹೆಸರು ಹಿಡಿದು ಕರೆಯೋದಾ ದೊಡ್ಡಮ್ಮ?" ಎಂದು ಮಗಳು ಕೇಳುತ್ತಾಳೆ. ತಂಗಿಗೆ ನಗು ಬರುತ್ತದೆ, ತಡೆದುಕೊಳ್ಳುತ್ತಾರೆ.

ಗುರುವಾರ ತಂಗಿ ಹೊರಟರು, ಮಗಳ ಜೊತೆ. ಅಕ್ಕ ಹೋಗಲಿಲ್ಲ.