ಎನಿಡ್ ಟಫ್ಲಿಯ ಹಲಗೆಗೋಡೆ

ನಮ್ಮೂರಿನ 'ಕರಿ ಟಗರು' ಪಬ್ಬನ್ನು ಬೀದಿಯಿಂದ ನೋಡಿದವರು ಮೋಸ ಹೋಗುತ್ತಾರೆ. ಮುಂದಿನ ಗೋಡೆ ಕೆಂಪಿಟ್ಟಿಗೆಯದು, ನೆಟ್ಟಗೆ, ಜಮೀನ್ದಾರನ ಗತ್ತು. ಒಳಗೆ ಕಾಲಿಟ್ಟರೆ ನಾನೂರು ವರ್ಷದ ಓಕ್ ತೊಲೆಗಳು ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿವೆ. ನೆಲವಂತೂ ಪೂರಾ ಇಳಿಜಾರು. ಕೈಜಾರಿದ ಬಟಾಣಿಯನ್ನು ಹಿತ್ತಿಲ ಬಾಗಿಲಲ್ಲಿ ಹುಡುಕಬೇಕು. ಬಾರಿನ ಪಕ್ಕಕ್ಕೆ, ನಾಲ್ಕು ಹೆಂಗಸರು ಮೊಣಕಾಲು ತಾಗಿಸಿಕೊಂಡು ಕೂರುವಷ್ಟು ಕೋಣೆಯೊಂದಿತ್ತು. ನಾವು ಅದನ್ನು ಗೂಡು ಅನ್ನುತ್ತಿದ್ದೆವು. ಗಂಡಸರು ಆ ಕಡೆ, ನಾವು ಈ ಕಡೆ, ನಡುವೆ ಆಳೆತ್ತರದ ಹಲಗೆಗೋಡೆ. ಗಂಡ ಹೆಂಡತಿ ಬೀದಿಯಲ್ಲಿ ಜೊತೆಯಾಗಿ ಬಂದು ಬೇರೆಬೇರೆ ಬಾಗಿಲಲ್ಲಿ ಒಳಗೆ ಹೋಗುವುದು ಆಗ ಇಲ್ಲಿಯ ಮರ್ಯಾದೆ.

ನನ್ನ ಪಕ್ಕದ ಮನೆಯ ಎನಿಡ್ ಟಫ್ಲಿ ಆ ಗೂಡಿನಲ್ಲಿ ಮೂವತ್ತೊಂದು ವರ್ಷ ಕೂತವಳು. ಊರವರ ಬಟ್ಟೆ ಒಗೆದು ಬದುಕಿದವಳು. ತೋಳು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. ಗಂಡ ವಿಲ್ಫ್ ಕುದುರೆಯ ಜೀನು ಹೊಲಿಯುವವನು. ಪಾಪ, ಒಳ್ಳೆಯವನೇ, ಆದರೆ ಎದುರಿಗೆ ಒಂದು ಮುಖ ಕಂಡರೆ ಸಾಕು, ಬಾಯಿಗೆ ಬೀಗ. ಮನೆಯಲ್ಲಿ 'ಹೂಂ', 'ಊಹೂಂ' ಬಿಟ್ಟರೆ ಮೂರನೇ ಮಾತಿಲ್ಲ. ಅದೇ ಮನುಷ್ಯ ಪಬ್ಬಿನಲ್ಲಿ ಗೋಡೆಯ ಆ ಬದಿಗೆ ಬೆನ್ನು ಕೊಟ್ಟು, ಇವಳು ಈ ಬದಿಗೆ ಬೆನ್ನು ಕೊಟ್ಟು ಕೂತರೋ, ಅಬ್ಬಬ್ಬಾ!

"ಏನೇ, ಇವತ್ತು ಪಾದ್ರಿಗಳ ಕುದುರೆ ನನ್ ಟೋಪಿ ತಿಂದ್ಬಿಡ್ತು ಕಣೇ."

"ಟೋಪಿ ತಾನೇ? ತಲೆ ತಿಂದಿದ್ರೆ ಪಾಪ, ಅದಕ್ಕೆ ಉಪವಾಸಾನೇ."

ಹೀಗೆ ಎರಡು ಗಂಟೆ. ಮಿಕ್ಕವರಿಗೆ ಬಾಯಿ ಹಾಕಲು ಸಂದೇ ಇರುತ್ತಿರಲಿಲ್ಲ.

ಅರವತ್ತೇಳನೇ ಇಸವಿಯಲ್ಲಿ ಪಬ್ಬಿನ ಯಜಮಾನರಾದ ಬಿಯರ್ ಕಂಪನಿಯವರು ಆ ಗೋಡೆ ಕಿತ್ತು ಒಂದೇ ದೊಡ್ಡ ಹಜಾರ ಮಾಡುತ್ತೇವೆ ಎಂದು ಕಾಗದ ಬರೆದರು. ಎನಿಡ್ ಬಿಳಿಚಿಕೊಂಡು ನನ್ನ ಹತ್ತಿರ ಬಂದಳು.

"ಆ ಗೋಡೆ ಹೋದ್ರೆ ನನ್ ಸಂಸಾರಾನೂ ಹೋಯ್ತು ಕಣೇ ಡೋರಾ. ಮನೇಲಿ ಅವನು ಕಂಬ. ಇಲ್ಲಿ ಮಾತ್ರ ನಂಗೆ ಗಂಡ."

ಉಳಿದಿದ್ದು ಒಂದೇ ದಾರಿ. ಹಳೆಯ ಕಟ್ಟಡಗಳನ್ನು ನೋಡಲು ಲ್ಯಾನ್ಯನ್ ಎಂಬ ಅಧಿಕಾರಿ ಬರುವವನಿದ್ದ. ಅವನು ಹಳೆಯದು ಎಂದು ಬರೆದುಕೊಂಡದ್ದನ್ನು ಯಾರೂ ಮುಟ್ಟುವಂತಿಲ್ಲ. ನಮಗೇನು ಭಯ? ಗೋಡೆ ಕಪ್ಪಗೆ, ತೊಲೆಗಳ ಬಣ್ಣಕ್ಕೇ ಇತ್ತು. ಓಕ್ ಅಲ್ಲದೆ ಇನ್ನೇನು ಎಂದು ಊರೇ ನಂಬಿತ್ತು. ಆದರೆ ಎನಿಡ್ ಒಗೆಯುವ ಹೆಂಗಸು ನೋಡಿ.

"ದೊಡ್ಡವರು ಬರ್ತಾರೆ, ಕೊಳಕು ಗೋಡೆ ತೋರ್ಸೋಕಾಗುತ್ತೇನೇ?" ಅಂದಳು.

ಬಿಸಿನೀರು, ಸೋಡಾಪುಡಿ, ನಾರಿನ ಬ್ರಷ್ಷು. ಒಂದಿಡೀ ದಿನ ಉಜ್ಜಿದೆವು. ನಾನೂ ಉಜ್ಜಿದೆ, ನನ್ನ ಬುದ್ಧಿಗಿಷ್ಟು! ಎಂಬತ್ತು ವರ್ಷದ ಪೈಪಿನ ಹೊಗೆಯ ಜಿಡ್ಡು ಕರಗಿ ಇಳಿಯಿತು. ಕೆಳಗೆ ಕಂಡದ್ದು ಅಗ್ಗದ ಹಳದಿ ಪೈನ್ ಹಲಗೆ. ತಳದ ಹಲಗೆಯ ಮೇಲೆ ಯಾವನೋ ಸೋಪು ವ್ಯಾಪಾರಿಯ ಮುದ್ರೆ ಬೇರೆ.

ಲ್ಯಾನ್ಯನ್ ಬಂದ, ಬಗ್ಗಿ ನೋಡಿದ. "ತೊಲೆ, ಚಾವಣಿ ಯಾರೂ ಮುಟ್ಟೋ ಹಾಗಿಲ್ಲ. ಇದು ಸೋಪಿನ ಪೆಟ್ಟಿಗೆ ಹಲಗೆ ಕಣಮ್ಮಾ, ತೆಗೀಬಹುದು. ತೊಳೀದೆ ಬಿಟ್ಟಿದ್ರೆ ನಾನೂ ಓಕ್ ಅಂತ್ಲೇ ಬರ್ಕೊಂಡು ಹೋಗ್ತಿದ್ನೇನೋ."

"ಮೂವತ್ತೊಂದು ವರ್ಷದ ಸಂಸಾರ ಇದಕ್ಕೆ ಒರಗಿಕೊಂಡಿದೆ ಸ್ವಾಮಿ. ಅದನ್ನ ಬರ್ಕೊಳ್ಳಿ!"

"ಅದಕ್ಕೆ ನನ್ ಹಾಳೇಲಿ ಜಾಗ ಇಲ್ಲಮ್ಮಾ," ಅಂದ. ಅವನಿಗೂ ಬೇಜಾರಾದಂತೆ ಕಂಡಿತು.

ಗೋಡೆ ಹೋಯಿತು. ಆ ಶನಿವಾರ ಗಂಡ ಹೆಂಡತಿ ಪಬ್ಬಿನಲ್ಲಿ ಮೊದಲ ಸಲ ಒಂದೇ ಟೇಬಲ್ಲಿಗೆ ಎದುರುಬದುರು ಕೂತರು. ಅವನು ಬಿಯರಿನ ನೊರೆ ನೋಡಿದ, ಇವಳು ಕಿಟಕಿ ನೋಡಿದಳು. ಇಪ್ಪತ್ತು ನಿಮಿಷಕ್ಕೆ ಎದ್ದು ಹೋದರು. ನನಗೆ ಅಳು ಬಂತು, ಮನೆಗೆ ಹೋಗಿ ಆ ಬ್ರಷ್ಷನ್ನು ಒಲೆಗೆ ಹಾಕಿದೆ.

ಮರುದಿನ ಭಾನುವಾರ ಮಧ್ಯಾಹ್ನ ಅವರು ಪಬ್ಬಿನ ಕಡೆ ತಲೆ ಹಾಕಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಇಟ್ಟಿಗೆ ದಪ್ಪದ ಗೋಡೆ. ನಾನು ಕದ್ದು ಕೇಳುವವಳಲ್ಲ; ಕಿವಿ ಇದ್ದರೆ ಏನು ಮಾಡಲಿ? ಅವರ ಅಡುಗೆಮನೆಯ ಬಾಗಿಲು ದಢಾರನೆ ಮುಚ್ಚಿತು. ಮುಗಿಯಿತಪ್ಪಾ ಎಂದುಕೊಂಡು ಹಿತ್ತಿಲಿಗೆ ಇಣುಕಿದೆ. ವಿಲ್ಫ್ ಹೊರಗಿನ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

"ಎನಿಡ್, ಇದ್ದೀಯೇನೇ?"

"ಇನ್ನೆಲ್ಲಿ ಹೋಗ್ಲಿ?"

ಒಳಗೆ ಕುರ್ಚಿ ಎಳೆದ ಸದ್ದಾಯಿತು.

"ಆ ಗೋಡೆ ಉಜ್ಜಿ ಉಜ್ಜಿ ಕೈಯೆಲ್ಲ ಸುಲಿಸ್ಕೊಂಡ್ಯಲ್ಲೇ. ನನ್ ಜೊತೆ ಮಾತಾಡೋಕೇನಾ ಅಷ್ಟೆಲ್ಲಾ?"

"ಮತ್ತೆ? ಆ ಕಹಿ ಬಿಯರ್ ಕುಡಿಯೋಕಾ?"

ವಿಲ್ಫ್ ಮೂಗು ಒರೆಸಿಕೊಂಡ. "ನಂಗೂ ಬಿಯರ್ ಅಂದ್ರೆ ಅಷ್ಟಕ್ಕಷ್ಟೇ ಕಣೇ," ಅಂದ.

ನನ್ನ ಒಲೆಯಲ್ಲಿ ಮಾಂಸ ಸೀಯುತ್ತಿತ್ತು. ಸೀಯಲಿ ಎಂದು ಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಎನಿಡ್ ಕೇಳಿದಳು, "ಅಲ್ಲಿ ಚಳಿ ಅಲ್ವಾ? ಬಾಗಿಲು ತೆಗೀಲಾ?"

"ಬೇಡ, ಬೇಡ, ತೆಗೀಬೇಡ ಕಣೇ. ಇನ್ನೂ ಹೇಳೋದಿದೆ."