ಅಕ್ಕ ಕಳಿಸಿದ ಅಜವಾನದ ಪುಡಿ

ಅಂಜಿನೇಯ ನಂಬುತ್ತಿದ್ದದ್ದು ಬಾಯ್ಲರಿನ ಒತ್ತಡ ತೋರುವ ಮುಳ್ಳನ್ನು ಮಾತ್ರ. ರಾಯಚೂರಿನ ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುತ್ತಲೇ ತಲೆ ನರೆತವನು. ಮುಳ್ಳು ಇಳಿಯಿತೆಂದರೆ ಎಲ್ಲೋ ಸೋರುತ್ತಿರಬೇಕು. ಯಾವುದೂ ತಾನಾಗಿ ಕೆಡುವುದಿಲ್ಲ, ಯಾರದೋ ಕೈ ತಾಗಿರಬೇಕು. ಇದು ಅವನ ಲೆಕ್ಕ. ಮನುಷ್ಯರ ವಿಷಯದಲ್ಲೂ ಅದೇ ಲೆಕ್ಕ.

ಹೆಂಡತಿ ತೀರಿಹೋದ ಮೇಲೆ ಮಿಲ್ಲಿನ ಹಿಂದಿನ ಖೋಲಿಯಲ್ಲಿ ಒಬ್ಬನೇ ಇದ್ದ. ತನ್ನವರೆಂದು ಉಳಿದದ್ದು ಗಬ್ಬೂರಿನಲ್ಲಿರುವ ಅಕ್ಕ ಅಮರಮ್ಮ. ನಾಗರ ಪಂಚಮಿಗೆ ಹೋಗಿ ಅವಳನ್ನು ಕರೆತಂದು, ಸೀರೆ ಕೊಟ್ಟು ಕಳಿಸುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಅವನಿಗೆ ಅರವತ್ತು ದಾಟಿದ ವರ್ಷ ಅಕ್ಕ ಸೀರೆಯನ್ನು ಬದಿಗೆ ಸರಿಸಿದಳು.

"ಈ ಸಲ ಸೀರಿ ಬ್ಯಾಡ. ಬೀಡಿ ಬಿಡು."

"ಸೀರಿನs ಸಸ್ತಾ ಇತ್ತಲ್ಲ ಬೇ ಯಕ್ಕಾ!"

ನಕ್ಕನಾದರೂ ಬಿಟ್ಟ. ಬಾಯಿ ಬಿಕೋ ಎನ್ನಬಾರದೆಂದು ಅಕ್ಕ ಅಜವಾನ, ಸೋಂಪು ಹುರಿದು ಕುಟ್ಟಿ, ಸ್ಟೀಲಿನ ಡಬ್ಬಿಗೆ ತುಂಬಿ ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸತೊಡಗಿದಳು. ಬೀಡಿ ಸೇದುತ್ತಿದ್ದ ಕಟ್ಟೆಯ ಮೇಲೆಯೇ ಕೂತು ಅವನು ಪುಡಿ ಮುಕ್ಕುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ಹೊಟ್ಟೆ ಕೆಟ್ಟಿತು. ರಕ್ತ ಬೀಳತೊಡಗಿತು. ಬಾಯ್ಲರಿನ ಕಾವಿಗೆ ಮೂಲವ್ಯಾಧಿ ಆಗಿದೆ ಎಂದುಕೊಂಡು ತಿಂಗಳುಗಟ್ಟಲೆ ಮಜ್ಜಿಗೆ ಕುಡಿದ. ಕೆಲಸದ ನಡುವೆ ಚೊಂಬು ಹಿಡಿದು ಓಡುವುದನ್ನು ನೋಡಲಾರದೆ ಮಿಲ್ಲಿನ ಗುಮಾಸ್ತ ಶಂಶುದ್ದೀನ್, ಅವನ ಹಳೆಯ ಗೆಳೆಯ, ಆಸ್ಪತ್ರೆಗೆ ಎಳೆದೊಯ್ದ. ಕೊಳವೆ ಬಿಟ್ಟು ನೋಡಿದ ಡಾಕ್ಟರು, ದೊಡ್ಡ ಕರುಳಿನ ಒಳಗೆ ಹುಣ್ಣಾಗಿದೆ, ಅಲ್ಸರೇಟಿವ್ ಕೊಲೈಟಿಸ್ ಎಂದರು.

ಆ ಹೆಸರು ಕೇಳಿ ಅಂಜಿನೇಯ ಬೆಚ್ಚಿದ. ಅಕ್ಕನ ಮೊಮ್ಮಗಳು ಮಲ್ಲಿಕಾಗೆ ಹತ್ತೊಂಬತ್ತನೆಯ ವಯಸ್ಸಿಗೆ ಬಂದದ್ದೂ ಇದೇ, ತೋರಿಸಿದ್ದೂ ಇದೇ ಡಾಕ್ಟರಿಗೆ. ಆಗ ಯಾರೂ ಯಾರ ಮೇಲೂ ಸಂಶಯಪಟ್ಟಿರಲಿಲ್ಲ. ಹರೆಯದ ಮೈ, ಪರೀಕ್ಷೆಯ ಚಿಂತೆ, ಹಾಸ್ಟೆಲ್ಲಿನ ಊಟ ಎಂದು ಮರುಗಿದ್ದರು. ಈಗ ಅವಳು ಚೇತರಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು.

"ಕಲ್ಲು ತಿಂದು ಕರಗಿಸಿದ ಹೊಟ್ಟಿ ಇದು. ಹುಡುಗೀರ ಬ್ಯಾನಿ ಮುದುಕಗ ಹ್ಯಾಂಗ ಬಂತು?" ಎಂದ ಅಂಜಿನೇಯ. "ಅಕ್ಕ ಮೊಮ್ಮಗಳ ಮೈಯಾಗಿಂದು ತೆಗೆದು ನನ್ನ ಮ್ಯಾಲೆ ದಾಟಿಸ್ಯಾಳ. ಪುಡಿಯಾಗ ಮದ್ದು ಹಾಕ್ಯಾಳ."

"ಅದೇನು ಸಿಮ್ ಕಾರ್ಡೇನಲೇ, ಅಕಿ ಮೊಬೈಲಿಂದ ತೆಗೆದು ನಿನ್ನ ಮೊಬೈಲಿಗೆ ಹಾಕಾಕ?" ಎಂದ ಶಂಶುದ್ದೀನ್.

ಅಂಜಿನೇಯ ನಗಲಿಲ್ಲ. ಅವನಿಗೆ ಈಗ ಎಲ್ಲವೂ ಕೂಡಿಬರುತ್ತಿತ್ತು. ಪುಡಿ ತಿಂದೆಯಾ, ಪೂರಾ ತಿಂದೆಯಾ ಎಂದು ಅಕ್ಕ ಫೋನಿನಲ್ಲಿ ಅಷ್ಟೊಂದು ಕೇಳುವುದೇಕೆ? ಮಲ್ಲಿಕಾ ಫೋನ್ ಮಾಡಿ "ತಾತಾ, ಗುಳಿಗಿ ಬಿಡಬ್ಯಾಡ್ರಿ" ಎಂದಳು. ಅದೂ ಹೇಳಿಕೊಟ್ಟ ಮಾತಿನ ಹಾಗೆ ಕೇಳಿಸಿತು. ಅವಳಿಗೆ ಕೊಟ್ಟ ಗುಳಿಗೆಯನ್ನೇ ತನಗೂ ಕೊಟ್ಟಿದ್ದಾರೆಂದು ಗೊತ್ತಾದ ದಿನ ಗುಳಿಗೆ ಬಿಟ್ಟ. ಪೋತ್ನಾಳದ ಆಚೆ ಮದ್ದು ತೆಗೆಯುವವನಲ್ಲಿಗೆ ಹೋಗಿ, ಕಹಿ ಕಷಾಯ ಕುಡಿದು ವಾಂತಿ ಮಾಡಿ ಬಂದ. ಅಲ್ಲಿಂದ ಇನ್ನಷ್ಟು ಸೊರಗಿದ. ಹೊಸ ಡಬ್ಬಿಗಳು ಬರುತ್ತಲೇ ಇದ್ದವು. ಮುಚ್ಚಳ ತೆಗೆಯದೆ ಹಲಗೆಯ ಮೇಲೆ ಸಾಲಾಗಿ ಇಟ್ಟು, "ತಿನ್ನಾಕತ್ತೀನಿ ಯಕ್ಕಾ" ಎನ್ನುತ್ತಿದ್ದ.

ಮರುವರ್ಷದ ಪಂಚಮಿಗೆ ಅವನು ಗಬ್ಬೂರಿಗೆ ಹೋಗಲಿಲ್ಲ. ಅಮರಮ್ಮ ತಾನೇ ಬಸ್ಸು ಹತ್ತಿ ಬಂದಳು.

"ಡಬ್ಬಿ ತಿರುಗಿ ಬರವಲ್ಲವು, ತಮ್ಮಗೇನಾತೋ ಅಂತ ಬಂದ್ನಿ" ಎನ್ನುತ್ತಲೇ ಒಳಬಂದವಳು ಹಲಗೆಯನ್ನು ನೋಡಿದಳು. ಒಂದು ಡಬ್ಬಿ ತೆರೆದಳು. ಇನ್ನೊಂದು ತೆರೆದಳು. ಎರಡೂ ತುಂಬಿದ್ದವು. ಅವನು ಪೋತ್ನಾಳದ ಆಚೆ ಮದ್ದು ತೆಗೆಸಿ ಬಂದದ್ದು ಅವಳ ಕಿವಿಗೂ ಬಿದ್ದಿತ್ತು.

"ನಾ ಮದ್ದು ಹಾಕೀನಿ ಅಂದುಕೊಂಡೇನು?"

ಹಾಸಿಗೆಯಲ್ಲಿದ್ದ ಅವನು ಗೋಡೆಯ ಕಡೆ ಹೊರಳಿದ. ಅಮರಮ್ಮ ಮುಷ್ಟಿ ತುಂಬ ಪುಡಿ ತೆಗೆದು ಬಾಯಿಗೆ ಹಾಕಿಕೊಂಡಳು. ಅವಳು ಅಗಿಯುವ ಸದ್ದು ಕೇಳಿ ಅವನು ತಿರುಗಿದ. ನಿಜವಾಗಿ ನುಂಗುತ್ತಾಳೋ ಇಲ್ಲವೋ ಎಂದು ಅವಳ ಗಂಟಲನ್ನೇ ನೋಡಿದ. ನುಂಗಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಶಂಶುದ್ದೀನ್ ಆಟೋ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಈ ರೋಗ ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ಹರೆಯದಲ್ಲಿ ಬರುವುದು ಹೆಚ್ಚು. ಅರವತ್ತರ ಆಚೀಚೆ ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ಹುಡುಗಿಗೆ ಕರುಳು ಪೂರಾ ಹಿಡಿದಿತ್ತು, ಇವರಿಗೆ ಎಡಭಾಗ ಮಾತ್ರ. ಆದರೂ ಇಪ್ಪತ್ತರ ಮೈ ತಾಳುವುದನ್ನು ಅರವತ್ತರ ಮೈ ತಾಳಲಾರದು. ತಡ ಮಾಡಬಾರದಿತ್ತು.

"ಬೀಡಿ ಸೇದ್ತಿದ್ರಾ?"

"ಬಿಟ್ಟು ವರ್ಷಾತ್ರಿ. ಅಕ್ಕ ಬಿಡಿಸಿದ್ಲು."

"ಬಿಟ್ಟ ಮೇಲೆ ಕೆಲವರಿಗೆ ಈ ರೋಗ ತಲೆ ಎತ್ತುತ್ತದೆ. ನಿಮಗೆ ಅದರಿಂದಲೇ ಬಂತು ಅಂತ ಹೇಳಲಾಗದು. ಬಿಟ್ಟದ್ದು ಒಳ್ಳೆಯದೇ, ಮತ್ತೆ ಹಚ್ಚಬೇಡಿ."

ಡಾಕ್ಟರು ಹೋದ ಮೇಲೆ ಅಂಜಿನೇಯ ಶಂಶುದ್ದೀನನ ಕಡೆ ತಿರುಗಿದ.

"ಕೇಳಿದೇನಲೇ? ಅಕ್ಕನ ಕೈ ಅದ ಅಂತ ನಾ ಅಂದಿದ್ದಿಲ್ಲೇನು?"

ಬಹಳ ದಿನಗಳ ಮೇಲೆ ನಗುತ್ತಿದ್ದ. ಅಮರಮ್ಮ ನಗಲಿಲ್ಲ. ತಂದಿದ್ದ ಗಂಜಿಯನ್ನು ಚಮಚದಲ್ಲಿ ತೆಗೆದು, ಅವನು ನೋಡಲೆಂದು ಮೊದಲು ತನ್ನ ಬಾಯಿಗೆ ಒಯ್ದಳು. ಅವನು ಅವಳ ಮಣಿಕಟ್ಟು ಹಿಡಿದ.

"ನೀ ಮೊದಲು ತಿನ್ನಬ್ಯಾಡ," ಎಂದು ಬಾಯಿ ತೆರೆದ.

ರಕ್ತ ನಿಂತಿತು. ಆದರೆ ಸೊರಗಿದ ಮೈಗೆ, ಔಷಧ ನಡೆದಿರುವಾಗಲೇ, ಪುಪ್ಪುಸಕ್ಕೆ ಸೋಂಕು ತಗುಲಿತು. ಶ್ರಾವಣ ಮುಗಿಯುವ ಮೊದಲೇ ಅಂಜಿನೇಯ ತೀರಿಕೊಂಡ.

ಮಣ್ಣು, ದಿನಕಾರ್ಯ ಮುಗಿದ ಮೇಲೆ ಶಂಶುದ್ದೀನ್ ಅಮರಮ್ಮನನ್ನು ಬಸ್ಸಿಗೆ ಹತ್ತಿಸಲು ಬಂದ. ಡಬ್ಬಿಗಳ ಚೀಲ ಅವಳ ಮಡಿಲಲ್ಲಿತ್ತು. ಕಿಟಕಿಯಿಂದ ಕೇಳಿದಳು:

"ನಾ ಬೀಡಿ ಬಿಡಸಬಾರದಿತ್ತೇನು?"

"ಹಂಗನಬ್ಯಾಡ್ರಿ ಯಕ್ಕಾ. ಡಾಕ್ಟರು ಒಳ್ಳೇದs ಆತು ಅಂದ್ರಲ್ಲ."

ಬಸ್ಸು ಅಲುಗಿತು. ಹಲಗೆಯ ಮೇಲಿನ ಡಬ್ಬಿಗಳನ್ನು ಅಂಜಿನೇಯ ನಂಬದೆ ನೋಡುತ್ತಿದ್ದ ಹಾಗೆಯೇ ಅಮರಮ್ಮ ಶಂಶುದ್ದೀನನ ಮುಖ ನೋಡುತ್ತ ಕೂತಿದ್ದಳು.